ವಿಶಲ್‌ಗೆ ಜೇಬಿದೆ, ಕನ್ನಡಕಕ್ಕೆ ಇಲ್ಲ

ನೀವು ಕೊನೆಯ ಸಲ ಮ್ಯೂಸಿಯಂಗೆ ಹೋಗಿದ್ದು ಯಾವಾಗ? ಸ್ಕೂಲ್ ಟ್ರಿಪ್‌ನಲ್ಲೋ, ಊರಿಂದ ನೆಂಟರು ಬಂದಾಗಲೋ ಇರಬಹುದು. ಅಲ್ಲಿ ನೋಡಿದ ವೀರಗಲ್ಲು, ಕತ್ತಿ, ನಾಣ್ಯಗಳು ಅಲ್ಪಸ್ವಲ್ಪ ನೆನಪಿರುತ್ತವೆ. ಪ್ರತಿ ಹಾಲ್‌ನ ಮೂಲೆಯಲ್ಲೂ ಒಬ್ಬರು ನಿಂತಿದ್ದರಲ್ಲ, ಅವರ ಶರ್ಟಿನ ಬಣ್ಣ ಯಾವುದು ಅಂತ ಕೇಳಿದರೆ ಹೇಳೋಕಾಗುತ್ತಾ?

ನನಗೆ ಆಗುತ್ತೆ. ಯಾಕಂದ್ರೆ ಆ ಶರ್ಟು ನಮ್ಮ ಮನೆಯ ಬಾಲ್ಕನಿ ತಂತಿಯ ಮೇಲೆ ದಿನಾ ಒಣಗುತ್ತೆ.

ನಮ್ಮಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನ್ ನಡೆಸುತ್ತಿದ್ದವರು. 58ಕ್ಕೆ ನಿವೃತ್ತಿ ಆಯ್ತು. ಎರಡು ತಿಂಗಳು ಮನೆಯಲ್ಲಿ ಕೂತರು, ಪೇಪರಿನ ಶ್ರದ್ಧಾಂಜಲಿ ಕಾಲಂ ತನಕ ಒಂದಕ್ಷರ ಬಿಡದೆ ಓದಿದರು. ಮೂರನೇ ತಿಂಗಳು ಒಂದು ಸೆಕ್ಯುರಿಟಿ ಏಜೆನ್ಸಿ ಮೂಲಕ ಬೆಂಗಳೂರಿನದೇ ಒಂದು ಸಣ್ಣ ಮ್ಯೂಸಿಯಂಗೆ ಗಾರ್ಡ್ ಆಗಿ ಸೇರಿಬಿಟ್ಟರು. ‘ನನ್ನ ಸಂಬಳ ಸಾಕಾಗುತ್ತಲ್ಲಪ್ಪ’ ಅಂದೆ. ‘ದುಡ್ಡು ಸಾಕಾಗುತ್ತೆ ಕಣೋ, ಹೊತ್ತು ಹೋಗಬೇಕಲ್ಲ’ ಅಂದರು.

ಅದಾಗಿ ಆರು ವರ್ಷ. ಅಪ್ಪ ಇರೋದು ಆಯುಧಗಳ ಹಾಲ್‌ನಲ್ಲಿ. ಗಾರ್ಡ್‌ಗಳು ಒಬ್ಬರನ್ನೊಬ್ಬರು ಹಾಲ್‌ನ ಹೆಸರಿಂದಲೇ ಕರೆಯುತ್ತಾರೆ. ಅಪ್ಪ ‘ಕತ್ತಿ ಹಾಲ್’. ಹಾಸನ ಕಡೆಯ ಇನ್ನೊಬ್ಬರು ‘ನಾಣ್ಯದ ಹಾಲ್’. ಧಾರವಾಡದಿಂದ ಬಂದ ಒಬ್ಬ ಹೆಂಗಸು ‘ಶಿಲ್ಪದ ಅಕ್ಕ’. ಗೇಟಿನಲ್ಲಿ ಅಸ್ಸಾಮಿನ ಒಬ್ಬ ಹುಡುಗ. ನಾಲ್ವರಿಗೂ ಒಂದೇ ಕಡುನೀಲಿ ಶರ್ಟು, ಭುಜದ ಮೇಲೆ ಏಜೆನ್ಸಿಯ ಬ್ಯಾಡ್ಜು, ಟೋಪಿ, ಬಿಳಿ ಹಗ್ಗಕ್ಕೆ ಕಟ್ಟಿದ ವಿಶಲ್. ಬಟ್ಟೆಯ ದುಡ್ಡನ್ನ ಮೊದಲ ಮೂರು ತಿಂಗಳ ಸಂಬಳದಲ್ಲಿ ಕಂತುಕಂತಾಗಿ ಹಿಡಿದುಕೊಂಡಿದ್ದರು. ಕೆಲಸ ಬಿಡುವಾಗ ಬಟ್ಟೆ ವಾಪಸ್ ಕೊಡಬೇಕು. ಆಗ ಈ ದುಡ್ಡು ವಾಪಸ್ ಬರುತ್ತಂತೆ.

ಕೆಲವು ತಿಂಗಳ ಹಿಂದೆ ಮೊಬೈಲ್‌ನಲ್ಲಿ ಏನೋ ಹುಡುಕುತ್ತಿದ್ದಾಗ ಒಂದು ಫೋಟೊ ಕಣ್ಣಿಗೆ ಬಿತ್ತು. ಸಾಲಾಗಿ ನಿಂತ ನಾಲ್ಕು ಕಪ್ಪು ಬೊಂಬೆಗಳು, ಬಟ್ಟೆ ಅಂಗಡಿಯಲ್ಲಿ ಇರ್ತಾವಲ್ಲ ಅಂಥವು. ಮೈಮೇಲೆ ನೀಟಾದ ಯೂನಿಫಾರ್ಮ್. ತಲೆ ಮಾತ್ರ ಇಲ್ಲ. ಅಮೆರಿಕದ ಕಲಾವಿದ ಫ್ರೆಡ್ ವಿಲ್ಸನ್ 1991ರಲ್ಲಿ ಮಾಡಿದ ‘ಗಾರ್ಡೆಡ್ ವ್ಯೂ’ ಎಂಬ ಕಲಾಕೃತಿ ಅದು. ನಾಲ್ಕೂ ನ್ಯೂಯಾರ್ಕಿನ ಮ್ಯೂಸಿಯಂ ಗಾರ್ಡ್‌ಗಳ ಯೂನಿಫಾರ್ಮ್‌ಗಳೇ: ಜ್ಯೂಯಿಶ್ ಮ್ಯೂಸಿಯಂ, ಮೆಟ್ರೊಪಾಲಿಟನ್, ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ವಿಟ್ನಿ.

ವಿಲ್ಸನ್ ಕಾಲೇಜಿನಲ್ಲಿ ಓದುವಾಗ ಸ್ವತಃ ಮ್ಯೂಸಿಯಂ ಗಾರ್ಡ್ ಆಗಿದ್ದವರು, ಕಪ್ಪು ಜನಾಂಗದವರು. ಎಲ್ಲರ ಕಣ್ಣೆದುರೇ ನಿಂತಿದ್ದರೂ ಯಾರಿಗೂ ಕಾಣಿಸದೇ ಇರುವುದು ಹೇಗಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಅದೇ 1991ರಲ್ಲಿ ಅವರು ವಿಟ್ನಿ ಮ್ಯೂಸಿಯಂನಲ್ಲಿ ಇನ್ನೊಂದು ಕೆಲಸ ಮಾಡಿದರು. ಅಲ್ಲಿನ ಗೈಡ್‌ಗಳ ಜೊತೆ ಊಟ ಮಾಡಿ, ‘ಮೇಲೆ ಗ್ಯಾಲರಿಯಲ್ಲಿ ಸಿಗೋಣ’ ಅಂತ ಹೇಳಿ ಹೋದರು. ಹೋಗಿ ಗಾರ್ಡ್ ಯೂನಿಫಾರ್ಮ್ ಹಾಕಿಕೊಂಡು ಅಲ್ಲೇ ನಿಂತರು. ಗೈಡ್‌ಗಳು ಮೇಲೆ ಬಂದು, ವಿಲ್ಸನ್ ಎಲ್ಲಿ ಅಂತ ಅವರ ಪಕ್ಕದಲ್ಲೇ ಓಡಾಡುತ್ತಾ ಹುಡುಕಿದರು. ಆಗತಾನೇ ಜೊತೆಗೆ ಊಟ ಮಾಡಿದ ಮನುಷ್ಯ ಒಬ್ಬರಿಗೂ ಗುರುತು ಸಿಗಲಿಲ್ಲ.

ಫೋಟೊನ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಝೂಮ್ ಮಾಡಿ ನೋಡಿದರು. ‘ತಲೆ ಇಲ್ದಿದ್ರೂ ಇಸ್ತ್ರಿ ಮಾತ್ರ ಜೋರಾಗಿದೆ’ ಅಂದರು. ಆಮೇಲೆ ಊಟಕ್ಕೆ ಕೂತಾಗ, ‘ಅಲ್ವೋ, ಅವರಿಗೆ ಯಾವ ಬಟ್ಟೆ ಬೇಕು ಅಂತ ಯಾರಾದ್ರೂ ಕೇಳಿದ್ರಂತಾ?’ ಅಂತ ಕೇಳಿದರು.

ನನಗೆ ಗೊತ್ತಿದ್ದ ಹತ್ತಿರದ ಉದಾಹರಣೆ ಹೇಳಿದೆ. 2022ರಲ್ಲಿ ಅಮೆರಿಕದ ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ 17 ಜನ ಗಾರ್ಡ್‌ಗಳೇ ಸೇರಿ ಒಂದು ಪ್ರದರ್ಶನ ರೂಪಿಸಿದ್ದರು. ಯಾವ ಕಲಾಕೃತಿ ಇಡಬೇಕು, ಅದರ ಬಗ್ಗೆ ಏನು ಬರೀಬೇಕು, ಎಲ್ಲಾ ಅವರದ್ದೇ ಆಯ್ಕೆ. ವರ್ಷಗಟ್ಟಲೆ ಆ ಚಿತ್ರಗಳ ಜೊತೆಗೇ ನಿಂತವರಲ್ಲವಾ? ಅಪ್ಪ ತಲೆಯಾಡಿಸಿದರು. ‘ಅದು ಗೋಡೆ ಮೇಲಿಂದಾಯ್ತು. ಮೈಮೇಲಿಂದು?’

ಪಕ್ಕದಲ್ಲಿ ಬಡಿಸುತ್ತಿದ್ದ ನನ್ನ ತಂಗಿ, ‘ಅದಕ್ಕೆ ಅಮೆರಿಕಾ ಯಾಕೆ? ನಾನೇ ಕೇಳ್ತೀನಿ’ ಅಂದಳು. ಅವಳು ಫ್ಯಾಷನ್ ಡಿಸೈನ್ ಡಿಪ್ಲೊಮಾ ಮಾಡಿ, ಮನೆ ಕೆಳಗಿನ ಒಂದು ಮಳಿಗೆಯಲ್ಲಿ ಬ್ಲೌಸು, ಚೂಡಿದಾರ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ.

ಮ್ಯೂಸಿಯಂಗೆ ಸೋಮವಾರ ರಜೆ. ಆ ಸೋಮವಾರ ನಾನು ವರ್ಕ್ ಫ್ರಮ್ ಹೋಮ್ ತಗೊಂಡೆ. ಹತ್ತು ಗಂಟೆಗೆ ಮೂವರೂ ಬಂದರು, ಅಪ್ಪ ಸೇರಿ ನಾಲ್ವರು. ತಂಗಿ ಅಂಗಡಿಯ ಕಟಿಂಗ್ ಟೇಬಲ್ ಖಾಲಿ ಮಾಡಿ, ಹಳೇ ಕ್ಯಾಲೆಂಡರ್ ಹಾಳೆಗಳನ್ನ ಬೋರಲು ಹಾಕಿ, ಅಕ್ಕನ ಮಗನ ಸ್ಕೆಚ್ ಪೆನ್ ಡಬ್ಬಿ ತಂದಿಟ್ಟಿದ್ದಳು. ಅಮ್ಮನ ಉಪ್ಪಿಟ್ಟು, ಕಾಫಿ. ಇಷ್ಟೇ ನಮ್ಮ ವರ್ಕ್‌ಶಾಪ್.

‘ನಿಮಗೆ ಇಷ್ಟವಾದ ಯೂನಿಫಾರ್ಮ್ ಬರೀರಿ’ ಅಂದಳು. ಹದಿನೈದು ನಿಮಿಷ ಯಾರೂ ಪೆನ್ ಮುಟ್ಟಲಿಲ್ಲ. ‘ಚಿತ್ರ ಬರೆದು ಎಷ್ಟು ವರ್ಷ ಆಯ್ತಮ್ಮ’ ಅಂತ ನಕ್ಕರು. ಆಗ ಅವಳು ಉಪಾಯ ಬದಲಿಸಿದಳು. ಟೇಪ್ ತೆಗೆದು ಒಬ್ಬೊಬ್ಬರದ್ದೇ ಅಳತೆ ತಗೊಂಡಳು: ಭುಜ, ತೋಳು, ಎದೆ, ಸೊಂಟ. ಕೆಲಸಕ್ಕೆ ಸೇರುವಾಗ ‘38ಆ, 40ಆ, 42ಆ’ ಅಂತ ಕೇಳಿದ್ದು ಬಿಟ್ಟರೆ ಅವರ ಮೈ ಅಳತೆಯನ್ನ ಯಾರೂ ತಗೊಂಡಿರಲಿಲ್ಲ. ಟೇಪ್ ಮೈಗೆ ತಾಗಿದ್ದೇ ತಡ, ಮಾತು ಶುರುವಾಯ್ತು.

ಶಿಲ್ಪದ ಅಕ್ಕ ಹಾಕೋದು ಗಂಡಸರ 40 ಸೈಜಿನ ಶರ್ಟು. ತೋಳು ಎರಡು ಮಡಿಕೆ ಮಡಚಬೇಕು, ಭುಜ ಮೊಳಕೈ ಕಡೆಗೆ ಜಾರುತ್ತೆ. ‘ನನಗ ಮೊದಲ ಚಂದ ಬ್ಯಾಡ್ರಿ, ಕಿಸೆ ಬೇಕು’ ಅಂದರು. ಪ್ಯಾಂಟಿಗೆ ಜೇಬು ಹೆಸರಿಗಷ್ಟೇ ಇದೆ, ಮೊಬೈಲ್ ಇಟ್ಟರೆ ಬೀಳುತ್ತೆ. ಶರ್ಟಿನ ಎಡಜೇಬಲ್ಲಿ ವಿಶಲ್. ಹಂಗಾಗಿ ಬಸ್ ಪಾಸು, ಗುಳಿಗೆ, ಲಾಕರ್ ಕೀಲಿ ಎಲ್ಲಾ ದಿನಪೂರ್ತಿ ಕೈಯಲ್ಲೇ. ಹಾಳೆಯ ಮೇಲೆ ಉದ್ದನೆಯ ಕುರ್ತಾ ಬರೆದು, ಅದಕ್ಕೆ ನಾಲ್ಕು ಜೇಬು ಇಟ್ಟರು. ಆಮೇಲೆ, ‘ಕಿಸೆ ಆತು. ಈಗ ಚಂದ’ ಅಂತ ಕೆಂಪು ಪೆನ್ ತಗೊಂಡು ಅಂಚಿನುದ್ದಕ್ಕೂ ಕಸೂತಿಯ ಗೋಪುರ ಬರೆಯತೊಡಗಿದರು. ತಲೆ ಎತ್ತಿದ್ದು ಅರ್ಧ ಗಂಟೆ ಆದ ಮೇಲೆ.

ನಾಣ್ಯದ ಹಾಲ್‌ನವರು ವಿಶಲ್ ತೆಗೆದು ಟೇಬಲ್ ಮೇಲಿಟ್ಟರು. ‘ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಊದಿಲ್ಲ ಸಾರ್. ಮ್ಯೂಸಿಯಂ ಒಳಗೆ ಊದಿದ್ರೆ ಜನ ಓಡ್ತಾರೆ.’ ಅವರ ಚಿತ್ರದಲ್ಲಿ ಆ ಬಿಳಿ ಹಗ್ಗದ ತುದಿಗೆ ವಿಶಲ್ ಬದಲು ಒಂದು ಭೂತಗನ್ನಡಿ ಇತ್ತು. ವಿಜಯನಗರದ ಅಚ್ಯುತರಾಯನ ಕಾಲದ ಚಿನ್ನದ ನಾಣ್ಯಗಳ ಮೇಲೆ ಗಂಡಭೇರುಂಡ ಇರುತ್ತೆ. ನಾಣ್ಯಗಳೋ ಬೆರಳಿನ ಉಗುರಿನಷ್ಟು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿ, ಏನೂ ಕಾಣದೆ ಹೋಗಿಬಿಡ್ತಾರೆ ಅನ್ನೋದು ಅವರ ಸಂಕಟ. ಶರ್ಟಿನ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ಬರೆದರು: ‘ಕೇಳಿ, ಗೊತ್ತಿದ್ರೆ ಹೇಳ್ತೀನಿ.’ ಈಗ ಜನ ಅವರನ್ನ ಕೇಳೋದು ಎರಡೇ ಪ್ರಶ್ನೆ. ಟಾಯ್ಲೆಟ್ ಎಲ್ಲಿ, ಎಷ್ಟು ಗಂಟೆಗೆ ಮುಚ್ಚುತ್ತೆ.

ಗೇಟಿನ ಹುಡುಗನ ಚಿತ್ರದಲ್ಲಿ ಶರ್ಟಿಗಿಂತ ಟೋಪಿ ದೊಡ್ಡದು. ಅವನೂರಿನ ಜಾಪಿ, ಬಿದಿರು ಮತ್ತು ತಾಳೆ ಜಾತಿಯ ಗರಿಯಿಂದ ಹೆಣೆದ ಅಗಲ ಟೋಪಿ. ಒಳಗಿನ ಮೂವರಿಗೂ ಬಿಸಿಲೇ ಇಲ್ಲ, ಆದರೂ ಟೋಪಿ ಹಾಕಬೇಕು. ದಿನಪೂರ್ತಿ ಬಿಸಿಲಲ್ಲಿ ನಿಲ್ಲುವ ಅವನಿಗೂ ಅದೇ ಅಂಗೈಯಗಲದ ಟೋಪಿ. ಇನ್ನೊಂದು ಆಸೆ, ಎದೆ ಮೇಲೆ ಅವನ ಹೆಸರು ಕನ್ನಡದಲ್ಲಿ ಇರಬೇಕು. ‘ಎಲ್ಲಾರೂ ಭಯ್ಯಾ ಅಂತಾರೆ. ನಾನು ಕನ್ನಡ ಕಲಿತೆ. ಅವರು ನನ್ನ ಹೆಸರು ಕಲೀಬೇಕು’ ಅಂದ.

ಶೂ ವಿಷಯ ಬಂದಾಗ ನಾಲ್ವರೂ ಒಟ್ಟಿಗೆ ಮಾತಾಡಿದರು. ಗ್ರಾನೈಟ್ ನೆಲ, ಎಂಟು ಗಂಟೆ, ಗಟ್ಟಿ ಅಡಿಯ ಬೂಟು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಹತ್ತು ವರ್ಷ ಗಾರ್ಡ್ ಆಗಿದ್ದ ಪ್ಯಾಟ್ರಿಕ್ ಬ್ರಿಂಗ್ಲಿ ಎಂಬುವರು ತಮ್ಮ ಅನುಭವವನ್ನ 2023ರಲ್ಲಿ ಪುಸ್ತಕವಾಗಿ ತಂದಿದ್ದಾರೆ. ಅಣ್ಣ ತೀರಿಕೊಂಡ ದುಃಖದಲ್ಲಿ ಪತ್ರಿಕೆಯ ಕೆಲಸ ಬಿಟ್ಟು ಅಲ್ಲಿಗೆ ಸೇರಿದವರು. ಅಮೃತಶಿಲೆಯ ನೆಲಕ್ಕಿಂತ ಮರದ ನೆಲದ ಗ್ಯಾಲರಿಯೇ ಕಾಲಿಗೆ ಹಿತ ಅಂತ ಅವರೂ ಬರೆದಿದ್ದಾರೆ. ಅಲ್ಲಿ ಗಾರ್ಡ್‌ಗಳಿಗೆ ಸಾಕ್ಸ್ ಕೊಳ್ಳೋಕೆ ಅಂತಲೇ ಒಂದು ಭತ್ಯೆ ಇದೆ. ಇದನ್ನ ಹೇಳಿದಾಗ ನಮ್ಮವರು ಕೇಳಿದ್ದು, ‘ಅಲ್ಲಿ ಕುರ್ಚಿ ಕೊಡ್ತಾರಾ?’

‘ಕುರ್ಚಿ ಯೂನಿಫಾರ್ಮಲ್ಲಿ ಬರಲ್ವಲ್ಲ’ ಅಂದಳು ತಂಗಿ. ‘ಬರ್ತದ ತಗೋರಿ, ಪ್ಯಾಂಟಿನಷ್ಟ ಅದೂ ಬೇಕು’ ಅಂದರು ಶಿಲ್ಪದ ಅಕ್ಕ. ತಮಾಷೆಗೆ ಹೇಳಿದ ಮಾತಲ್ಲ ಅದು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ, ಅದಾದ ಮೇಲೆ ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನು ತಿದ್ದಿದವು. ಕೂರೋದಕ್ಕೂ ಕಾನೂನು ಬೇಕಾಯ್ತು.

ಇಷ್ಟೊತ್ತೂ ಅಪ್ಪನ ಹಾಳೆ ಖಾಲಿಯೇ ಇತ್ತು. ತಂಗಿ ಒತ್ತಾಯ ಮಾಡಿದ ಮೇಲೆ ಹೇಳಿದರು. ‘ನನಗೆ ಈ ಶರ್ಟೇ ಇರಲಿ. ಹೋದ ತಿಂಗಳು ಒಬ್ಬ ದೊಡ್ಡ ಮನುಷ್ಯ, ಮಗನ ಕೈಲಿ ಕತ್ತಿ ಹಿಡಿ ಮುಟ್ಟಿಸಿ ಫೋಟೊ ತೆಗೀತಿದ್ದ. ಮುಟ್ಬೇಡಿ ಸರ್ ಅಂದೆ, ತಕ್ಷಣ ಹಿಂದೆ ಸರಿದ. ಅವನು ಕೇಳಿದ್ದು ನನ್ನ ಮಾತಲ್ಲ, ಶರ್ಟಿನ ಮಾತು. ಇದೇ ಮನುಷ್ಯ ಬಸ್ಸಲ್ಲಿ ಸಿಕ್ಕಿದ್ರೆ ಜರುಗೋನು ನಾನೇ. ನೀವು ಇದಕ್ಕೆ ಹೂವು, ಬಳ್ಳಿ ಬರೆದ್ರೆ ನನ್ನ ಮಾತು ಯಾರು ಕೇಳ್ತಾರೆ?’

ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಅಪ್ಪನ ಮಾತು ಸುಳ್ಳಲ್ಲ. ವಿಲ್ಸನ್ ಅವರ ಬೊಂಬೆಗಳ ಫೋಟೊ ನೋಡುವಾಗ ಯೂನಿಫಾರ್ಮ್ ಮನುಷ್ಯನನ್ನ ಅಳಿಸಿಬಿಡುತ್ತೆ ಅನ್ನೋದಷ್ಟೇ ನನ್ನ ತಲೆಯಲ್ಲಿತ್ತು. ಅದೇ ಬಟ್ಟೆಯ ಹಿಂದೆ ನಿಂತು ಒಬ್ಬ ಲೇತ್ ಆಪರೇಟರ್ ಕಾರಿನವರಿಗೆ ‘ಬೇಡ’ ಅಂತ ಹೇಳಬಲ್ಲ ಅನ್ನೋದನ್ನ ಆ ಬಟ್ಟೆ ಹಾಕಿದವರೇ ಹೇಳಬೇಕಾಯ್ತು.

ಆಗ ನಾನು ಬಾಸ್ಟನ್ ಕಥೆ ಹೇಳಿದೆ. 1990ರ ಮಾರ್ಚ್ 18ರ ನಸುಕಿನಲ್ಲಿ ಇಸಾಬೆಲ್ಲಾ ಸ್ಟುವರ್ಟ್ ಗಾರ್ಡನರ್ ಮ್ಯೂಸಿಯಂಗೆ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು ಇಬ್ಬರು ಬಂದರು. ಗಾರ್ಡ್ ಬಾಗಿಲು ತೆಗೆದ. ಬಂದವರು ಕಳ್ಳರು. ಕಾವಲಿನವರನ್ನ ಕಟ್ಟಿಹಾಕಿ 13 ಕಲಾವಸ್ತುಗಳನ್ನ ಹೊತ್ತೊಯ್ದರು. ಅವು ಇನ್ನೂ ಸಿಕ್ಕಿಲ್ಲ, ಖಾಲಿ ಫ್ರೇಮುಗಳು ಇವತ್ತಿಗೂ ಅಲ್ಲಿ ಗೋಡೆ ಮೇಲಿವೆ. ನಾಣ್ಯದ ಹಾಲ್‌ನವರು ಅಂದರು, ‘ಅಲ್ಲೂ ಅದೇ ನೋಡಿ. ಶರ್ಟ್ ನೋಡಿದ್ರು, ಮುಖ ನೋಡಲಿಲ್ಲ.’ ಅಪ್ಪ ಏನೂ ಹೇಳದೆ ಹಾಳೆ ಹತ್ತಿರಕ್ಕೆ ಎಳೆದುಕೊಂಡರು. ಇದ್ದ ಶರ್ಟನ್ನೇ ಬರೆದರು. ಆಮೇಲೆ ಅದರ ಎದೆಯ ಒಳಭಾಗದಲ್ಲಿ ಚುಕ್ಕಿ ಚುಕ್ಕಿ ಗೆರೆಯಲ್ಲಿ ಒಂದು ಚೌಕ. ‘ಇದು ಕನ್ನಡಕಕ್ಕೆ. ಪ್ಯಾಂಟ್ ಜೇಬಲ್ಲಿ ಇಟ್ಟು ಈ ವರ್ಷ ಎರಡು ಮುರೀತು.’

ಮಧ್ಯಾಹ್ನ ನಾನು ನನಗೆ ಗೊತ್ತಿರೋ ಕೆಲಸ ಮಾಡಿದೆ. ಆಫೀಸಲ್ಲಿ ಹೊಸ ಫೀಚರ್ ಮಾಡೋ ಮೊದಲು ಸ್ಪೆಕ್ ಓದುತ್ತೀವಲ್ಲ, ಹಾಗೆ ಗಾರ್ಡ್ ಯೂನಿಫಾರ್ಮ್ ಬಗ್ಗೆ ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆ. ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ 2005ರದ್ದು. ಸೇನೆ ಅಥವಾ ಪೊಲೀಸರ ಬಟ್ಟೆಯಂತೆ ಕಾಣುವ ಯೂನಿಫಾರ್ಮ್ ಹಾಕಬಾರದು ಅಂತ ಅದರಲ್ಲಿದೆ. ಬಾಸ್ಟನ್ ಕಥೆ ಕೇಳಿದ ಮೇಲೆ ಇದು ಸರಿಯೇ ಅನ್ನಿಸುತ್ತೆ. ಇನ್ನು ಕೇಂದ್ರ ಸರ್ಕಾರದ ಮಾದರಿ ನಿಯಮಗಳಲ್ಲಿ ಯೂನಿಫಾರ್ಮಿನ ಪಟ್ಟಿಯೇ ಇದೆ: ಏಜೆನ್ಸಿಯನ್ನ ಗುರುತಿಸುವ ತೋಳಿನ ಬ್ಯಾಡ್ಜು, ಹುದ್ದೆ ಸೂಚಿಸುವ ಭುಜದ ಅಥವಾ ಎದೆಯ ಬ್ಯಾಡ್ಜು, ಲೇಸ್ ಇರುವ ಶೂ, ತಲೆಗೊಂದು ಟೋಪಿ, ಮತ್ತೆ ಹಗ್ಗಕ್ಕೆ ಕಟ್ಟಿದ ವಿಶಲ್. ಆ ವಿಶಲ್ ಎಡಜೇಬಿನಲ್ಲಿ ಇರಬೇಕು ಅಂತಲೂ ಬರೆದಿದ್ದಾರೆ.

ಜೋರಾಗಿ ಓದಿ ಹೇಳಿದೆ. ನಾಣ್ಯದ ಹಾಲ್‌ನವರಿಗೆ ನಗು ತಡೆಯೋಕಾಗಲಿಲ್ಲ. ‘ಅಂದ್ರೆ ವಿಶಲ್‌ಗೆ ಸರ್ಕಾರ ಜೇಬು ಕೊಟ್ಟಿದೆ, ನಮಗೆ ಕೊಟ್ಟಿಲ್ಲ!’ ಪಟ್ಟಿಯಲ್ಲಿ ಏಜೆನ್ಸಿಯ ಗುರುತಿಗೆ ಜಾಗ ಇದೆ, ಹುದ್ದೆಗೆ ಜಾಗ ಇದೆ. ಗಾರ್ಡಿನ ಹೆಸರಿಗೆ ಕೊರಳಿನ ಐಡಿ ಕಾರ್ಡೇ ಗತಿ.

ನಮ್ಮ ಆಫೀಸಲ್ಲಿ ಆ್ಯಪ್‌ನ ಒಂದು ಬಟನ್ ಜಾಗ ಬದಲಿಸೋಕೆ ಐದಾರು ಯೂಸರ್‌ಗಳನ್ನ ಕೂರಿಸಿ, ಅವರ ಬೆರಳು ಎಲ್ಲಿಗೆ ಹೋಗುತ್ತೆ ಅಂತ ನೋಡ್ತೀವಿ. ದಿನಕ್ಕೆ ಎಂಟು ಗಂಟೆ ಮೈಮೇಲಿರೋ ಬಟ್ಟೆಗೆ ಮಾತ್ರ ಯೂಸರ್ ಅಂದ್ರೆ ಅದನ್ನ ನೋಡೋರು, ಹಾಕೋರಲ್ಲ.

ಆದರೆ ಅದೇ ನಿಯಮಗಳಲ್ಲಿ ಇನ್ನೆರಡು ಸಾಲು ಸಿಕ್ಕವು. ಒಂದು, ಗಾರ್ಡ್ ಹಾಕುವ ಬಟ್ಟೆ ತೀರಾ ಬಿಗಿಯಾಗಿಯೂ ಇರಬಾರದು, ಕೈಕಾಲು ಆಡಿಸೋಕೆ ಅಡ್ಡಿಯಾಗುವಷ್ಟು ಸಡಿಲವಾಗಿಯೂ ಇರಬಾರದು. ಇನ್ನೊಂದು, ಪ್ರತಿ ಗಾರ್ಡ್ ಬಳಿ ಒಂದು ನೋಟ್‌ಬುಕ್ ಮತ್ತು ಪೆನ್ ಇರಬೇಕು. ತಂಗಿ ಮೊದಲ ಸಾಲನ್ನ ಹಿಡಿದುಕೊಂಡಳು. ‘40 ಸೈಜಿನ ಶರ್ಟಲ್ಲಿ ಅಕ್ಕ ಮುಳುಗಿ ಹೋಗಿದ್ದಾರೆ, ಇದೇ ನಿಯಮ ಮೀರಿದ ಹಾಗಲ್ವಾ?’ ನಾನು ಎರಡನೆಯದನ್ನ. ನೋಟ್‌ಬುಕ್ ಇರಬೇಕು ಅಂದ ಮೇಲೆ ಅದಕ್ಕೊಂದು ಜೇಬು ಬೇಡವಾ?

ನೋಟ್‌ಬುಕ್ ಮಾತು ಬಂದಾಗ ಡ್ಯಾನ್ ಫ್ಲೇವಿನ್ ನೆನಪಾದರು. ಟ್ಯೂಬ್‌ಲೈಟುಗಳನ್ನೇ ಕಲಾಕೃತಿ ಮಾಡಿ ಹೆಸರಾದವರು. 1961ರಲ್ಲಿ ಅವರು ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಗಾರ್ಡ್. ಪಹರೆ ಮಾಡುತ್ತಲೇ ವಿದ್ಯುತ್ ಬೆಳಕಿನ ಕಲೆಯ ಬಗ್ಗೆ ಚೀಟಿ ಬರೆದು ಯೂನಿಫಾರ್ಮ್ ಜೇಬಿಗೆ ತುಂಬಿಕೊಳ್ಳುತ್ತಿದ್ದರಂತೆ. ಇದನ್ನ ಹೇಳಿದಾಗ ನಾಣ್ಯದ ಹಾಲ್‌ನವರು ಸ್ವಲ್ಪ ನಾಚಿಕೊಂಡು ಪ್ಯಾಂಟ್ ಜೇಬಿಂದ ಮುದುಡಿದ ಒಂದು ಪಾಕೆಟ್ ಡೈರಿ ತೆಗೆದರು. ಮಕ್ಕಳು ಕೇಳಿದ, ತಮಗೆ ಉತ್ತರ ಗೊತ್ತಿರದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಿದ್ದರು. ‘ಚಿನ್ನದ ನಾಣ್ಯ ಯಾಕೆ ಇಷ್ಟು ಚಿಕ್ಕದು?’ ‘ಇದರಲ್ಲಿ ಅಂದು ಏನು ಬರ್ತಿತ್ತು?’ ಮ್ಯೂಸಿಯಂನ ಅಧಿಕಾರಿ ಬಂದಾಗ ಕೇಳಿ ತಿಳ್ಕೊಳ್ತಾರಂತೆ.

ಸಂಜೆ ಹೊತ್ತಿಗೆ ನಾಲ್ಕು ಹಾಳೆಗಳ ಫೋಟೊ, ನಿಯಮದ ಸಾಲುಗಳು, ಬೇಕಾದ ಬದಲಾವಣೆಗಳ ಪಟ್ಟಿ, ಎಲ್ಲಾ ಸೇರಿಸಿ ಒಂದು ಪುಟ ಮಾಡಿಕೊಟ್ಟೆ. ಅಪ್ಪ ಅದನ್ನ ಏಜೆನ್ಸಿಯ ಸೂಪರ್‌ವೈಸರ್‌ಗೆ ತಲುಪಿಸಿದರು. ಎರಡು ವಾರ ಸುದ್ದಿಯಿಲ್ಲ. ಆಮೇಲೆ ಒಂದಿನ ಸೂಪರ್‌ವೈಸರ್ ಬೈಕಲ್ಲಿ ಬಂದು, ನಿಂತ ನಿಲುವಿನಲ್ಲೇ ಕೇಳಿದ್ದು ಒಂದೇ ಪ್ರಶ್ನೆಯಂತೆ. ‘ಲೋಗೊ ಮುಟ್ಟಲ್ಲ ತಾನೆ?’

ಲೋಗೊ ಮುಟ್ಟದೆ ಆದದ್ದು ಇಷ್ಟು: ಅಳತೆಗೆ ತಕ್ಕಂತೆ ಹೊಲಿಸಿಕೊಳ್ಳಬಹುದು. ಒಳಜೇಬು ಇಡಬಹುದು. ಕಪ್ಪಗಿದ್ದು ಲೇಸ್ ಇದ್ದರೆ ಮೆತ್ತನೆ ಅಡಿಯ ಶೂ ಆದೀತು, ಖರ್ಚು ನಿಮ್ಮದೇ. ಹಾಲ್ ಒಳಗೆ ಟೋಪಿ ತೆಗೆದಿಡಬಹುದು ಅಂತ ಮ್ಯೂಸಿಯಂನವರೇ ಹೇಳಿದರು. ಕುರ್ತಾ ಆಗಲ್ಲ. ಬೆನ್ನ ಮೇಲೆ ಬರಹ ಆಗಲ್ಲ. ಭೂತಗನ್ನಡಿ ಆಗಲ್ಲ. ಗೇಟಿನ ಹುಡುಗನ ಜಾಪಿ ಅಂತೂ ಆಗುವ ಮಾತೇ ಅಲ್ಲ. ಅವನ ಹೆಸರಿನ ಪಟ್ಟಿ ‘ಮೇಲಿನವರ ಗಮನಕ್ಕೆ ತರ್ತೀವಿ’ ಎಂಬಲ್ಲಿ ನಿಂತಿದೆ. ಕುರ್ಚಿ ಕೂಡ ಅಲ್ಲೇ ಇದೆ.

ತಂಗಿ ಎರಡು ರಾತ್ರಿ ಕೂತು ಎಂಟು ಶರ್ಟು ಬಿಚ್ಚಿ ಹೊಲಿದಳು. ಶಿಲ್ಪದ ಅಕ್ಕ ತಮ್ಮ ಒಳಜೇಬಿನ ಬಟ್ಟೆ ಮನೆಗೆ ತಗೊಂಡು ಹೋಗಿ, ಅದರ ಮೇಲೆ ಕೆಂಪು ದಾರದಲ್ಲಿ ಗೋಪುರ ಹಾಕಿ ತಂದರು. ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಗವಂತಿ ಹೊಲಿಗೆಗೆ ಗಂಟಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತೆ. ‘ಒಳಗ ಹಾಕಿದ್ರ ಯಾರು ನೋಡ್ತಾರ್ರಿ?’ ಅಂತ ತಂಗಿ ಅವರ ಭಾಷೆಯಲ್ಲೇ ಕಾಡಿಸಿದಳು. ‘ಗುಳಿಗಿ ತೆಗೀವಾಗ ನಾ ನೋಡ್ತೀನಲ್ಲ’ ಅಂದರು.

ಗೇಟಿನ ಹುಡುಗನಿಗೆ ನಾಣ್ಯದ ಹಾಲ್‌ನವರೇ ಒಂದು ದಾರಿ ಹುಡುಕಿದರು. ಐಡಿ ಕಾರ್ಡಿನ ಪ್ಲಾಸ್ಟಿಕ್ ಕವರ್ ಒಳಗೆ, ಕಾರ್ಡಿನ ಹಿಂದೆ, ಅವನ ಹೆಸರನ್ನ ಕನ್ನಡದಲ್ಲಿ ದಪ್ಪಗೆ ಬರೆದ ಚೀಟಿ. ಕಾರ್ಡು ಗಾಳಿಗೆ ತಿರುಗಿದಾಗೆಲ್ಲ ಹೆಸರು ಕಾಣುತ್ತೆ. ಈಚೆಗೆ ಒಂದಿಬ್ಬರು ಹೆಸರು ಹಿಡಿದು ಕರೆದರಂತೆ. ಅದನ್ನ ಹೇಳೋಕೆ ಅಂತಲೇ ಅಪ್ಪನಿಗೆ ಫೋನ್ ಮಾಡಿದ್ದ.

ಅದೇ ಕಾಯ್ದೆಯಲ್ಲಿ ನಾನು ಅವತ್ತು ಜೋರಾಗಿ ಓದದ ಸಾಲೂ ಒಂದಿದೆ. ಗಾರ್ಡ್ ಆಗಿರೋಕೆ 65 ತುಂಬಿರಬಾರದು. ಅಪ್ಪನಿಗೆ ಈಗ 64. ಬರುವ ಶ್ರಾವಣದ ಹೊತ್ತಿಗೆ ಶರ್ಟು, ಪ್ಯಾಂಟು, ಟೋಪಿ, ವಿಶಲ್ ಎಲ್ಲಾ ಮಡಚಿ ಏಜೆನ್ಸಿಗೆ ಕೊಟ್ಟು ಬರಬೇಕು. ಅವರಿಗೆ ಈ ಸಾಲು ಮೊದಲೇ ಗೊತ್ತಿತ್ತು.

ಮೊನ್ನೆ ಭಾನುವಾರ ಇಸ್ತ್ರಿ ಮಾಡುತ್ತಿದ್ದಾಗ ತಂಗಿ ಕೇಳಿದಳು, ‘ವಾಪಸ್ ಕೊಡೋ ಮೊದಲು ಒಳಜೇಬು ಬಿಚ್ಚಿಕೊಡ್ಲಾ ಅಪ್ಪ? ನಿನ್ನ ಹಳೇ ಶರ್ಟಿಗೇ ಹಾಕ್ತೀನಿ.’

‘ಬೇಡ, ಇರಲಿ ಬಿಡು’ ಅಂದರು ಅಪ್ಪ. ‘ಮುಂದೆ ಬರೋನಿಗೂ ಕನ್ನಡಕ ಇರುತ್ತಲ್ಲ.’